ಟ್ರೇಲರ್‌ಗೆ ಯಾವ ಬೀಗ: ಕೊಂಡಿಗೋ, ಚಕ್ರಕ್ಕೋ?

ಶಿರಸಿ ಕಡೆ ತೋಟದ ದಾರಿಯಲ್ಲೇ ಟ್ರೇಲರ್ ಬಿಟ್ಟು, ಟ್ರ್ಯಾಕ್ಟರ್ ಮಾತ್ರ ಮನೆಗೆ ತರುವವರು ಇದನ್ನು ಯೋಚಿಸಲೇಬೇಕು. ಮೂತಿಯ ಕೊಂಡಿಗೆ ಹಾಕುವ ಬೀಗ ಅಗ್ಗ, ಹಾಕುವುದೂ ಸುಲಭ. ಅದಿದ್ದರೆ ಬೇರೆ ಟ್ರ್ಯಾಕ್ಟರ್‌ನ ಪಿನ್ನು ಕೊಂಡಿಯೊಳಗೆ ಇಳಿಯುವುದಿಲ್ಲ. ಆದರೆ ಸರಪಳಿ ಸುತ್ತಿ ಎಳೆದರೆ ಅದು ತಡೆಯದು. ಚಕ್ರದ ಬೀಗ ಗಾಲಿಯನ್ನೇ ಉರುಳಲು ಬಿಡುವುದಿಲ್ಲ. ಭಾರ, ದುಬಾರಿ, ಕೆಸರಲ್ಲಿ ಹಾಕಿ ತೆಗೆಯುವುದು ಕಷ್ಟ. ಕೊಳ್ಳುವಾಗ ಗಾಲಿಯ ನಟ್ಟುಗಳನ್ನೂ ಮುಚ್ಚುವಂಥದ್ದನ್ನೇ ಕೇಳಿ. ಇಲ್ಲದಿದ್ದರೆ ಗಾಲಿ ಬದಲಿಸಿ ಒಯ್ಯಬಹುದು.

ದಿನಬಳಕೆಗೆ ನನ್ನ ಆಯ್ಕೆ ಕೊಂಡಿ ಬೀಗ. ಮಳೆಗಾಲವಿಡೀ ನಿಲ್ಲಿಸುವುದಾದರೆ ಎರಡೂ ಇರಲಿ.

ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಹಿತ್ತಾಳೆ ಮೈಯ ಬೀಗವೇ ಮೇಲು. ಆಗಾಗ ಎಣ್ಣೆ ಬಿಡಿ. ಟ್ರೇಲರ್ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಸಾಧನ ಕಳವನ್ನು ತಡೆಯುವುದಿಲ್ಲ, ಹುಡುಕಲು ನೆರವಾಗುತ್ತದೆ, ಅದೂ ಮೊಬೈಲ್ ಸಿಗ್ನಲ್ ಇದ್ದಲ್ಲಿ.