ಉದ್ಯಮಬಾಗದಿಂದ ಹೋಗಿ ನೋಡಿದ ಬಿಪಿಎಂ ಸಮ್ಮೇಳನ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುವ ನನಗೆ ಕಾರ್ಯಪ್ರಕ್ರಿಯೆ ನಿರ್ವಹಣಾ ತಂತ್ರಾಂಶದ ಮಾತು ಹೊಸದಲ್ಲ. ಕೆಲಸವೊಂದು ಯಾವ ಹಂತದಲ್ಲಿ ಯಾರಿಂದ ಯಾರಿಗೆ ಸಾಗಬೇಕೆಂದು ನೋಡಿಕೊಳ್ಳುವ, ಎಲ್ಲರೂ ಬಿಪಿಎಂ ಎಂದೇ ಕರೆಯುವ ಈ ತಂತ್ರಾಂಶವನ್ನು ಮಾರಲು ಎರಡು ವರ್ಷಗಳಿಂದ ಪ್ರತಿನಿಧಿಗಳು ನಮ್ಮ ಕಚೇರಿಗೆ ಬಂದು ಹೋಗುತ್ತಲೇ ಇದ್ದಾರೆ. ಆದರೆ ಹಲವು ಕಂಪನಿಗಳ ಸರಕನ್ನು ಒಂದೇ ಸೂರಿನಡಿ ನೋಡಬೇಕೆಂದರೆ ಪುಣೆಗೋ, ಐದುನೂರು ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗಬೇಕಾಗುತ್ತಿತ್ತು. ಆದ್ದರಿಂದ ಕಳೆದ ತಿಂಗಳು ನಮ್ಮ ಊರಿನ ಹೋಟೆಲೊಂದರಲ್ಲೇ ಒಂದು ದಿನದ ಸಮ್ಮೇಳನ ಏರ್ಪಟ್ಟಾಗ ನಾನೂ ನಮ್ಮ ಮಾಲೀಕರೂ ತಲಾ 2,500 ರೂಪಾಯಿ ಶುಲ್ಕ ಕಟ್ಟಿ ಹೋದೆವು. ಮಚ್ಛೆ, ಹೊನಗಾ, ಕಾಕತಿ ಕಡೆಯ ಸಣ್ಣ ಕೈಗಾರಿಕೆಗಳವರು ಮುಂದಿನ ಬಾರಿ ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು ನೆರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಅವಧಿ ಪೂರ್ತಿ ಮಾರುಕಟ್ಟೆಯ ಬೆಳವಣಿಗೆಗೆ ಮೀಸಲಾಗಿತ್ತು. ಮೂವರು ಭಾಷಣಕಾರರು ಮೂರು ಸಂಶೋಧನಾ ಸಂಸ್ಥೆಗಳ ಅಂಕಿಗಳನ್ನು ತೋರಿಸಿದರು; ಒಬ್ಬರ ಅಂಕಿ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ, ಏಕೆ ಹೊಂದುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಕಾರಣ ಸರಳವಾಗಿದೆ. ಕೆಲಸದ ಹಂತಗಳನ್ನು ನಡೆಸುವ ಎಂಜಿನ್ನನ್ನು ಮಾತ್ರ ಬಿಪಿಎಂ ಎಂದು ಲೆಕ್ಕ ಹಾಕಿದರೆ ಮಾರುಕಟ್ಟೆ ಚಿಕ್ಕದಾಗುತ್ತದೆ. ಕೋಡ್ ಹೆಚ್ಚು ಬರೆಯದೆ ಆ್ಯಪ್ ಕಟ್ಟುವ ಲೋ-ಕೋಡ್ ವೇದಿಕೆ, ಪರದೆಯ ಮೇಲಿನ ಕೆಲಸವನ್ನು ಮನುಷ್ಯನ ಬದಲು ಮಾಡುವ ಆರ್‌ಪಿಎ, ಹಳೆಯ ದಾಖಲೆಗಳಿಂದ ಕೆಲಸದ ನಿಜವಾದ ಹಾದಿಯನ್ನು ಪತ್ತೆಹಚ್ಚುವ ಪ್ರೋಸೆಸ್ ಮೈನಿಂಗ್, ಇವನ್ನೂ ಅದರೊಳಗೆ ಸೇರಿಸಿದರೆ ಅದೇ ಮಾರುಕಟ್ಟೆ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ವಾರ್ಷಿಕ ಬೆಳವಣಿಗೆಯ ದರವನ್ನೂ ಎಚ್ಚರದಿಂದ ಓದಬೇಕು. ವರ್ಷಕ್ಕೆ ಶೇ. 10ರಂತೆ ಬೆಳೆದರೆ ಐದು ವರ್ಷಗಳಲ್ಲಿ 100 ರೂಪಾಯಿ 161 ಆಗುತ್ತದೆ, ಶೇ. 15ರಂತೆ ಬೆಳೆದರೆ 201 ಆಗುತ್ತದೆ. ಪರದೆಯ ಮೇಲೆ ಸಣ್ಣದಾಗಿ ಕಾಣುವ ಈ ಅಂತರದ ಮೇಲೆಯೇ ಮಾರುಕಟ್ಟೆ ದುಪ್ಪಟ್ಟಾಗಲಿದೆ ಎಂಬ ಘೋಷಣೆ ನಿಂತಿರುತ್ತದೆ. ಇದಕ್ಕಿಂತ ಮುಖ್ಯವಾಗಿ, ತಂತ್ರಾಂಶದ ಮಾರುಕಟ್ಟೆ ಬೆಳೆಯುವುದರಿಂದ ನಮ್ಮ ಫೌಂಡ್ರಿಯಲ್ಲಿ ಏನು ಸುಧಾರಿಸುತ್ತದೆ ಎಂಬ ಪ್ರಶ್ನೆಯನ್ನು ಆ ಎರಡೂವರೆ ಗಂಟೆಯಲ್ಲಿ ಒಬ್ಬರೂ ಎತ್ತಲಿಲ್ಲ.

ಮಾರುಕಟ್ಟೆಯ ವಿಷಯದಲ್ಲಿ ಕೊಳ್ಳುವವನಿಗೆ ತಿಳಿದಿರಲೇಬೇಕಾದ ಸಂಗತಿ ಬೇರೆಯೇ ಇದೆ, ಅದು ಕಂಪನಿಗಳ ಕೈಬದಲಾವಣೆ. ಬಿಪಿಎಂ ತಯಾರಿಸುತ್ತಿದ್ದ ಕಂಪನಿಗಳಲ್ಲಿ ಲೊಂಬಾರ್ಡಿಯನ್ನು ಐಬಿಎಂ, ಸ್ಯಾವಿಯನ್‌ ಅನ್ನು ಪ್ರೋಗ್ರೆಸ್ ಎಂಬ ಕಂಪನಿ 2010ರಲ್ಲಿ ಕೊಂಡವು. ಮರುವರ್ಷ ಮೆಟಾಸ್ಟಾರ್ಮ್ ಓಪನ್‌ಟೆಕ್ಸ್ಟ್‌ನ ಪಾಲಾಯಿತು. 2021ರಲ್ಲಿ ಸಿಗ್ನಾವಿಯೋ ಎಸ್‌ಎಪಿಯ ಮನೆ ಸೇರಿತು. ನಾವು ಹತ್ತು ವರ್ಷ ಬಳಸಬೇಕೆಂದು ಕೊಂಡ ತಂತ್ರಾಂಶದ ಒಡೆಯರು ಮೂರನೆಯ ವರ್ಷಕ್ಕೇ ಬದಲಾದರೆ ನಮ್ಮ ಪ್ರಕ್ರಿಯೆಯ ನಕ್ಷೆಗಳ ಗತಿಯೇನು? ಇದಕ್ಕೆ ಅರ್ಧ ಉತ್ತರ, ಇಂಥ ನಕ್ಷೆಗಳನ್ನು ಬಿಡಿಸಲು ಬಳಸುವ ಬಿಪಿಎಂಎನ್ ಎಂಬ ಚಿತ್ರಲಿಪಿಯಲ್ಲಿದೆ. ಅದು ಮೊದಲು ಪ್ರಕಟವಾದದ್ದು 2004ರಲ್ಲಿ; 2.0 ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಐಎಸ್‌ಒ ಮಾನಕವೂ ಆಯಿತು. ಆ ಮಾನಕದಂತೆ ಉಳಿಸಿದ ನಕ್ಷೆಯನ್ನು ಬೇರೊಂದು ಕಂಪನಿಯ ತಂತ್ರಾಂಶದಲ್ಲಿ ತೆರೆಯಬಹುದು. ಆದರೆ ಫಾರ್ಮ್‌ಗಳು, ನಿಯಮಗಳು, ಟ್ಯಾಲಿಯಂಥ ಲೆಕ್ಕದ ತಂತ್ರಾಂಶಕ್ಕೆ ಕಟ್ಟಿದ ಕೊಂಡಿಗಳು ಅಷ್ಟು ಸಲೀಸಾಗಿ ಜೊತೆಗೆ ಬರುವುದಿಲ್ಲ. ನಾನು ಆರು ಮಳಿಗೆಗಳಲ್ಲಿ ಇದನ್ನೇ ಕೇಳಿದೆ. ಎರಡು ಕಡೆ ಮಾತ್ರ ನಕ್ಷೆಯ ಕಡತವನ್ನು ಹೊರತೆಗೆದು ತೋರಿಸಿದರು.

ಊಟಕ್ಕೆ ಮುಂಚಿನ ಪ್ರಾತ್ಯಕ್ಷಿಕೆ ನನಗೆ ತೀರ ನಿರಾಸೆ ತಂದಿತು. ಖರೀದಿ ಮಂಜೂರಾತಿಯ ಕಡತವೊಂದು ಪರದೆಯ ಮೇಲೆ ಸರಾಗವಾಗಿ ಮೇಜಿನಿಂದ ಮೇಜಿಗೆ ಸಾಗಿ ನಾಲ್ಕು ನಿಮಿಷಗಳಲ್ಲಿ ಮುಗಿಯಿತು. ನಮ್ಮಲ್ಲಿ ಕಡತ ಹಾಗೆ ಸಾಗುವುದಿಲ್ಲ. ಕಳೆದ ವರ್ಷ ಒಂದು ಹೀಟ್‌ನಲ್ಲಿ, ಅಂದರೆ ಕುಲುಮೆಯಲ್ಲಿ ಒಮ್ಮೆಗೆ ಕರಗಿಸಿದ ಲೋಹದಲ್ಲಿ, ಮ್ಯಾಂಗನೀಸ್ ಪ್ರಮಾಣ ಗ್ರಾಹಕರ ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು ಬಂದಿತ್ತು. ಲೋಹದಲ್ಲಿನ ಅಂಶಗಳನ್ನು ಅಳೆಯುವ ಸ್ಪೆಕ್ಟ್ರೋಮೀಟರಿನ ಚೀಟಿಯನ್ನು ಆ ಹೀಟ್‌ನ ವಿವರ ಬರೆದ ಹೀಟ್ ಕಾರ್ಡಿಗೆ ಪಿನ್ನು ಮಾಡಿ, ವಿನಾಯಿತಿ ಮಂಜೂರಾತಿಗೆಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ನಾನು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದೆ. ಮೂರು ದಿನ ಆ ಕಾರ್ಡು ಪೇಪರ್‌ವೇಟಿನ ಕೆಳಗೇ ಇತ್ತು, ಎರಕಗಳು ಅಂಗಳದಲ್ಲಿ ಹಾಗೇ ಬಿದ್ದಿದ್ದವು, ಲಾರಿ ಖಾಲಿ ಮರಳಿತು. ಗ್ರಾಹಕರು ಕೊನೆಗೆ ಹತ್ತೇ ನಿಮಿಷದಲ್ಲಿ ಒಪ್ಪಿಗೆ ಕೊಟ್ಟರು. ಆದ್ದರಿಂದ ಮಂಜೂರು ಮಾಡಬೇಕಾದವರು ರಜೆಯಲ್ಲಿದ್ದರೆ ಏನಾಗುತ್ತದೆ ತೋರಿಸಿ ಎಂದು ಪ್ರಾತ್ಯಕ್ಷಿಕೆ ಕೊಡುತ್ತಿದ್ದವರನ್ನು ಕೇಳಿದೆ. ಅದನ್ನು ಜಾರಿ ಮಾಡುವ ಹಂತದಲ್ಲಿ ನೋಡೋಣ ಎಂಬ ಉತ್ತರ ಬಂತು. ಈ ತಂತ್ರಾಂಶಕ್ಕೆ ಹಣ ಕೊಡುವುದೇ ಇಂಥ ತೊಡಕಿಗಾಗಿ ಎಂಬುದು ಅವರಿಗೆ ಹೊಳೆಯದೆ ಹೋದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಇಡೀ ದಿನದ ಹಣ ಸಾರ್ಥಕವಾದದ್ದು ಮಧ್ಯಾಹ್ನದ ಕಾರ್ಯಾಗಾರದಲ್ಲಿ. ಕಿರಿಯ ಎಂಜಿನಿಯರೊಬ್ಬರು ಪ್ರೊಜೆಕ್ಟರನ್ನು ಆರಿಸಿ, ಬಿಳಿ ಹಲಗೆಯ ಮೇಲೆ ಮಾರ್ಕರಿನಿಂದ ಬರೆಯುತ್ತಾ ಅಚ್ಚ ಕನ್ನಡದಲ್ಲಿ ಪಾಠ ಮಾಡಿದರು. ಮೊದಲು ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸುವ ರಾಜ್ಯದ ಸಕಾಲ ಯೋಜನೆಯನ್ನು ನೆನಪಿಸಿದರು. 2012ರ ಏಪ್ರಿಲ್ 2ರಂದು ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ ಅರ್ಜಿಗೆ ಒಂದು ಸಂಖ್ಯೆ ಬೀಳುತ್ತದೆ, ಅಲ್ಲಿಂದ ಗಡುವಿನ ಎಣಿಕೆ ಶುರುವಾಗುತ್ತದೆ, ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು ಮತ್ತು ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವಿದೆ. ನಿಮ್ಮ ಕಾರ್ಖಾನೆಯ ಪ್ರತಿ ಕಾರ್ಡಿಗೂ ಇಂಥ ಒಂದು ಗಡಿಯಾರ ಕಟ್ಟುವುದೇ ಬಿಪಿಎಂ ಎಂದು ಅವರು ಹೇಳಿದಾಗ, ಬೆಳಿಗ್ಗೆಯಿಂದ ಸುಮ್ಮನೆ ಕುಳಿತಿದ್ದ ನಮ್ಮ ಮಾಲೀಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಆಮೇಲೆ ನನ್ನ ಹೀಟ್ ಕಾರ್ಡಿನ ಪ್ರಸಂಗವನ್ನೇ ಕೇಳಿಕೊಂಡು ಹಲಗೆಯ ಮೇಲೆ ಬಿಡಿಸಿದರು. ಮೆಲ್ಟಿಂಗ್, ಪ್ರಯೋಗಾಲಯ, ಗುಣಮಟ್ಟ, ರವಾನೆ ಎಂದು ನಾಲ್ಕು ಅಡ್ಡ ಪಟ್ಟಿಗಳು. ಮಂಜೂರಾತಿಗೆ ಒಂದು ದುಂಡು ಮೂಲೆಯ ಚೌಕ. ಆ ಚೌಕದ ಅಂಚಿಗೆ ಅಂಟಿಕೊಂಡಂತೆ ಜೋಡಿ ಗೆರೆಯ ವೃತ್ತ, ಅದರೊಳಗೆ ಗಡಿಯಾರ. ಜೋಡಿ ಗೆರೆಗಳು ತುಂಡು ತುಂಡಾಗಿದ್ದರೆ ಸಮಯ ಮೀರಿದಾಗ ನೆನಪೋಲೆ ಹೋಗುತ್ತದೆ, ಕೆಲಸ ನನ್ನ ಬಳಿಯೇ ಉಳಿಯುತ್ತದೆ. ಗೆರೆಗಳು ಅಖಂಡವಾಗಿದ್ದರೆ ಆ ಕೆಲಸವನ್ನು ನನ್ನಿಂದ ಕಿತ್ತು ಮುಂದಿನವರಿಗೆ ಒಪ್ಪಿಸಲಾಗುತ್ತದೆ. ಎರಡನ್ನೂ ಒಂದೇ ಚೌಕಕ್ಕೆ ಹಚ್ಚಬಹುದು: ನಾಲ್ಕು ಗಂಟೆಗೆ ನೆನಪು, ಎಂಟು ಗಂಟೆಗೆ ಹಸ್ತಾಂತರ. ಇಷ್ಟನ್ನು ನೋಡಿದ ಮೇಲೆ ನಮ್ಮ ಮೂರು ದಿನದ ನಷ್ಟಕ್ಕೆ ಕಾರಣ ನನ್ನ ರಜೆಯಲ್ಲ, ನಾನಿಲ್ಲದಾಗ ಯಾರು ಎಂಬುದನ್ನು ನಾವು ಎಂದೂ ಬರೆದಿಟ್ಟಿರಲಿಲ್ಲ ಎಂಬುದು ಸ್ಪಷ್ಟವಾಯಿತು. ತಂತ್ರಾಂಶ ಕೊಳ್ಳುವ ಮುಂಚೆಯೇ ಸರಿಪಡಿಸಬಹುದಾದ ಕೊರತೆ ಅದು, ಮರುದಿನವೇ ಸರಿಪಡಿಸಿದೆವು.

ದರದ ವಿಷಯದಲ್ಲಿ ಮಳಿಗೆಗಳವರೊಡನೆ ಮಾತು ಬಿಗಿಯಾಗಿಯೇ ನಡೆಯಿತು. ಬಹುತೇಕರು ತಲಾ ಬಳಕೆದಾರರಿಗೆ ತಿಂಗಳಿಗೆ ಇಷ್ಟು ಎಂಬ ಲೆಕ್ಕ ಹೇಳುತ್ತಾರೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಕಚೇರಿಗೆ ಅದು ಸರಿ. ಮೂರು ಪಾಳಿಯ ನಲವತ್ತು ಕೆಲಸಗಾರರು ದಿನಕ್ಕೆರಡು ಬಾರಿ ಒಂದೇ ಟ್ಯಾಬ್ಲೆಟ್ ಮುಟ್ಟುವ ಫೌಂಡ್ರಿಗೆ ಅದು ದುಬಾರಿಯಾಗುತ್ತದೆ. ನಡೆಸಿದ ಕಡತಗಳ ಸಂಖ್ಯೆಗೆ ತಕ್ಕ ದರವನ್ನು ಕೇಳಿ ಪಡೆಯಬೇಕು. ಫಾರ್ಮಿನ ಮೇಲಿನ ಪದಗಳು ಕನ್ನಡದಲ್ಲೂ ಮರಾಠಿಯಲ್ಲೂ ಬರಬೇಕೆಂಬ ನಮ್ಮ ಬೇಡಿಕೆಗೆ ಎಲ್ಲರೂ ಹ್ಞೂಂ ಎಂದರು, ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದವರು ಒಬ್ಬರೇ.

ವ್ಯವಸ್ಥೆಯ ಬಗ್ಗೆ ದೂರಿಲ್ಲ. ಊಟ ಚೆನ್ನಾಗಿತ್ತು, ಕೊನೆಗೆ ಬಡಿಸಿದ ಕುಂದಾ ಊರಿನ ಮರ್ಯಾದೆ ಉಳಿಸಿತು. ವಾಹನ ನಿಲುಗಡೆ ಮಾತ್ರ ಇಕ್ಕಟ್ಟು.

ಸಂಘಟಕರು ಮುಂದಿನ ವರ್ಷ ಮಾರುಕಟ್ಟೆಯ ಭಾಷಣಗಳನ್ನು ಅರ್ಧ ಗಂಟೆಗೆ ಇಳಿಸಿ, ಹಲಗೆಯ ಪಾಠವನ್ನು ಬೆಳಿಗ್ಗೆ ಎಲ್ಲರೂ ಚುರುಕಾಗಿರುವ ಹೊತ್ತಿಗೆ ತರಬೇಕೆಂದು ಅಭಿಪ್ರಾಯ ಪತ್ರದಲ್ಲಿ ಬರೆದು ಬಂದಿದ್ದೇನೆ. ಈಗಿರುವಂತೆಯೇ ನಡೆದರೂ ಮಧ್ಯಾಹ್ನದ ಅವಧಿಗಾಗಿ ನಾನು ಮತ್ತೆ ಶುಲ್ಕ ಕಟ್ಟುತ್ತೇನೆ. ಹೋಗುವವರು ನಿಮ್ಮಲ್ಲಿ ಹೆಚ್ಚು ಸಿಕ್ಕಿಬೀಳುವ ಒಂದು ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಇಬ್ಬರಿಗೆ ಜಾಗವಿದ್ದರೆ ಎರಡನೆಯವರು ಮಾಲೀಕರಿಗಿಂತ ರಾತ್ರಿ ಪಾಳಿಯ ಸೂಪರ್‌ವೈಸರ್ ಆಗಿರಲಿ, ಏಕೆಂದರೆ ನಾನು ತಂದ ನಕ್ಷೆಯನ್ನು ನೋಡಿದ ಕೂಡಲೇ ನಮ್ಮ ಸೂಪರ್‌ವೈಸರ್ ಅದರಲ್ಲಿ ಎರಡು ಹಂತಗಳು ಬಿಟ್ಟುಹೋಗಿವೆ ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿದರು.