ವಿಂಡೋಸ್ 10 ಪ್ರೊ: ಮಂಡಿ ಲೆಕ್ಕಕ್ಕೆ ಇನ್ನೂ ಇಟ್ಟುಕೊಳ್ಳಬಹುದೇ?

ಕೆಲಸಕ್ಕೆ 5ಕ್ಕೆ 4 ಅಂಕ. ಇಂಟರ್‌ನೆಟ್ ಹಾಕಿಕೊಂಡ ವ್ಯಾಪಾರದ ಕಂಪ್ಯೂಟರ್ ಆಗಿ, ಈಗ, 5ಕ್ಕೆ 1.

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿ, ರೈಸ್ ಮಿಲ್, ಮೆಕ್ಕೆಜೋಳದ ಗೋದಾಮುಗಳಲ್ಲಿ ವಿಂಡೋಸ್ 10 ಚೆನ್ನಾಗಿಯೇ ದುಡಿದಿದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಸಲೀಸಾಗಿ ಓಡುತ್ತದೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತಕರಾರು ತೆಗೆಯುವುದಿಲ್ಲ. ಹಾಗಾಗಿಯೇ ಯಾರಿಗೂ ಬದಲಿಸುವ ಮನಸ್ಸಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ, ಅಂದರೆ ಉಚಿತ ಸುರಕ್ಷತಾ ಅಪ್‌ಡೇಟ್, ನಿಲ್ಲಿಸಿತು. ಜೋಳದ ಲಾರಿಗಳು ಸಾಲುಗಟ್ಟುವ ಹೊತ್ತದು. ಸೀಸನ್ ಮುಗಿಯಲಿ ಎಂದು ಮುಂದೂಡಿದವರು ಬಹಳ ಮಂದಿ.

‘ಆಂಟಿವೈರಸ್ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ಆಂಟಿವೈರಸ್ ಕೆಟ್ಟ ಫೈಲನ್ನು ಹಿಡಿಯಬಹುದು, ವಿಂಡೋಸ್‌ನೊಳಗಿನ ತೂತು ಮುಚ್ಚುವುದಿಲ್ಲ. ವಿಂಡೋಸ್ 11ಕ್ಕೆ ಪ್ರತಿ ತಿಂಗಳು ಬರುವ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಬಿಚ್ಚಿ ನೋಡಿದರೆ ತೂತು ಎಲ್ಲಿತ್ತು ಎಂದು ಕಳ್ಳರಿಗೆ ತಿಳಿಯುತ್ತದೆ. ಅದೇ ಕೋಡ್ ಹತ್ತರಲ್ಲೂ ಇದ್ದರೆ ಅಲ್ಲಿ ತೂತು ತೆರೆದೇ ಇರುತ್ತದೆ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್‌ಗೆ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಳ್ಳದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಫೈಲ್ ಹಂಚಿಕೆಗೆ ಬಳಸುವ ಪೋರ್ಟ್ 445ರ ಮೂಲಕ ಒಂದರಿಂದ ಇನ್ನೊಂದಕ್ಕೆ ತಾನೇ ದಾಟುತ್ತಿತ್ತು.

ನಮ್ಮ ಕಡೆ ಅತಿ ಹಳೆಯ ಯಂತ್ರ ಸಿಗುವುದು ಲಾರಿ ತೂಗುವ ವೇಬ್ರಿಡ್ಜ್ ಕ್ಯಾಬಿನ್ನಿನಲ್ಲಿ. ವಿಂಡೋಸ್ 7, ಕೆಲವೆಡೆ ಎಕ್ಸ್‌ಪಿ. ತೂಕದ ಇಂಡಿಕೇಟರ್‌ನಿಂದ 9 ಪಿನ್ನಿನ ಸೀರಿಯಲ್ ಕೇಬಲ್, ಹಳೆಯ ಸಾಫ್ಟ್‌ವೇರ್. ಮುಟ್ಟಿದರೆ ಕೆಡುತ್ತದೆಂಬ ಭಯ. ಏಳಕ್ಕೆ ಉಚಿತ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ, ಕ್ರೋಮ್ ಕೂಡ 109ನೇ ಆವೃತ್ತಿಗೇ ನಿಂತುಹೋಗಿದೆ. ಆ ಯಂತ್ರವನ್ನೂ ಟ್ಯಾಲಿ ಇರುವ ಕಂಪ್ಯೂಟರನ್ನೂ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಜೋಡಿಸಿರುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಎಕ್ಸ್‌ಪಿ ಜೊತೆ ಫೋಲ್ಡರ್ ಹಂಚಿಕೊಳ್ಳಲು ಹೊಸ ಯಂತ್ರದಲ್ಲೂ ಎಸ್‌ಎಂಬಿ 1 (ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ) ಆನ್ ಮಾಡಿಡುವುದು. ವಾನಾಕ್ರೈ ನುಗ್ಗಿದ ಬಾಗಿಲೇ ಅದು. ವೇಬ್ರಿಡ್ಜ್ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ತೂಕದ ಚೀಟಿ ಪ್ರಿಂಟ್ ಆದರೆ ಸಾಕು, ಲೆಕ್ಕವನ್ನು ಗುಮಾಸ್ತರು ಚೀಟಿ ನೋಡಿ ಏರಿಸಲಿ.

ಕ್ಯಾಬಿನ್ನಿಗೂ ವಿಂಡೋಸ್ 11 ತರುವುದಾದರೆ ಯುಎಸ್‌ಬಿ–ಸೀರಿಯಲ್ ಕೇಬಲ್ ನೋಡಿ ಕೊಳ್ಳಿ. ಅಗ್ಗದ ಕೇಬಲ್‌ಗಳಲ್ಲಿರುವ ಹಳೆಯ ಪ್ರೊಲಿಫಿಕ್ ಚಿಪ್‌ಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬರುತ್ತದೆ, ತೂಕ ಕಂಪ್ಯೂಟರಿಗೆ ಬರುವುದೇ ಇಲ್ಲ. ಎಫ್‌ಟಿಡಿಐ ಚಿಪ್‌ನದು ತನ್ನಿ. ಕಾಮ್ ಪೋರ್ಟ್ ಸಂಖ್ಯೆ, ಬಾಡ್ ರೇಟ್ (ಡೇಟಾ ಸಾಗುವ ವೇಗ) ಎರಡನ್ನೂ ಹಳೆಯ ಯಂತ್ರ ಆಫ್ ಮಾಡುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ದುಡ್ಡು ಕೊಟ್ಟು ಹತ್ತನ್ನೇ ಮುಂದುವರಿಸಬಹುದು. ವ್ಯಾಪಾರಿ ಸಂಸ್ಥೆಗಳಿಗೆ ವಿಸ್ತರಿತ ಅಪ್‌ಡೇಟ್‌ನ ಪಟ್ಟಿ ಬೆಲೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ 122, ಮೂರನೆಯದಕ್ಕೆ 244. ಎರಡನೇ ವರ್ಷ ಸೇರಿದರೆ ಮೊದಲನೆಯದನ್ನೂ ಕಟ್ಟಬೇಕು. ಒಂದು ವರ್ಷದ ಮಟ್ಟಿಗೆ ಸರಿ, ಮೂರೂ ವರ್ಷ ಕಟ್ಟುವುದು ದಂಡ.

ಹನ್ನೊಂದಕ್ಕೆ ಬದಲಿಸುವ ಮುಂಚೆ ಟಿಪಿಎಂ 2.0 (ಸುರಕ್ಷತೆಯ ಚಿಪ್) ಇದೆಯೇ ನೋಡಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನದು ಬೇಕು. ಟಿಪಿಎಂ ಕಾಣದಿದ್ದರೆ ಬಯಾಸ್‌ನಲ್ಲಿ ಪಿಟಿಟಿ (ಇಂಟೆಲ್‌ನ ಒಳಗೇ ಇರುವ ಟಿಪಿಎಂ) ಆಫ್ ಆಗಿರಬಹುದು, ಆನ್ ಮಾಡಿ ನೋಡಿ. ಟ್ಯಾಲಿ ಡೇಟಾವನ್ನು ಎರಡು ಹೊರ ಡಿಸ್ಕ್‌ಗೆ ಸರದಿಯಂತೆ ಬ್ಯಾಕಪ್ ತೆಗೆದು, ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ಪರೀಕ್ಷಿಸಿ. ತೆಗೆದ ಮೇಲೆ ಡಿಸ್ಕ್ ಕಿತ್ತಿಡಿ, ಚುಚ್ಚಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಬೀಗ ಹಾಕುತ್ತದೆ. ಡಿಜಿಟಲ್ ಸಹಿಯ ಟೋಕನ್‌ಗೆ ಹೊಸ ಡ್ರೈವರ್ ಇಳಿಸಿಟ್ಟುಕೊಳ್ಳಿ.

ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಬಂದ ಮೇಲೆ ಪಾಸ್‌ವರ್ಡ್ ಇಲ್ಲದೆ ಹಂಚಿದ ಟ್ಯಾಲಿ ಫೋಲ್ಡರ್ ತೆರೆಯುವುದಿಲ್ಲ. ಗೆಸ್ಟ್ ಲಾಗಿನ್ ಬಿಡುವ ಸೆಟ್ಟಿಂಗ್ ಬದಲಿಸಿ ಹೋಗುವವರೇ ಜಾಸ್ತಿ. ಅದು ಬೇಡ. ಡೇಟಾ ಇರುವ ಯಂತ್ರದಲ್ಲಿ ಪಾಸ್‌ವರ್ಡ್ ಸಹಿತ ಬೇರೆ ಬಳಕೆದಾರನನ್ನು ಸೃಷ್ಟಿಸಿ, ಆ ಫೋಲ್ಡರ್‌ಗಷ್ಟೇ ಅನುಮತಿ ಕೊಡಿ.

ಈ ಬದಲಾವಣೆಗೆ ಮಾರ್ಚ್ ಕೊನೆ ಬೇಡ. ಫೆಬ್ರವರಿ ಒಳ್ಳೆಯದು, 20ಕ್ಕೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿಯ ತಿಂಗಳ ರಿಟರ್ನ್) ಸಲ್ಲಿಸಿದ ಮರುದಿನ ಶುರು ಮಾಡಿ.