ಮಲೆನಾಡಿನಲ್ಲಿ ಕೋರ್ಟಿನ ಅಮೀನರ ಸೇವೆ: ಎಲ್ಲಿ ಕೆಲಸ ಆಗುತ್ತೆ, ಎಲ್ಲಿ ಕೈಕೊಡುತ್ತೆ

ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕುಗಳಲ್ಲಿ ಜನ ‘ಅಮೀನ ಬಂದಿದ್ದ’ ಎನ್ನುವಾಗ ಇಬ್ಬರು ಬೇರೆ ಬೇರೆ ನೌಕರರನ್ನು ಒಂದೇ ಹೆಸರಲ್ಲಿ ಕರೆಯುತ್ತಿರುತ್ತಾರೆ. ಸಮನ್ಸ್, ನೋಟಿಸ್ ಮುಟ್ಟಿಸುವವರು ಆದೇಶ ಜಾರಿಕಾರರು. ಜಪ್ತಿ ಮಾಡುವವರು, ಡಿಕ್ರಿ (ದಾವೆಯಲ್ಲಿ ಕೋರ್ಟ್ ಕೊಟ್ಟ ತೀರ್ಮಾನದ ಆದೇಶ) ಪ್ರಕಾರ ಜಮೀನಿನ ಸ್ವಾಧೀನ ಕೊಡಿಸುವವರು ಬೇಲಿಫ್. ಇಬ್ಬರೂ ಸಾರ್ವಜನಿಕ ನೌಕರರು. ಕೆಲಸಕ್ಕೆ ಬೇಕೆಂದೇ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಇಬ್ಬರೂ ಕಾಗದದಲ್ಲಿ ಬರೆದಷ್ಟನ್ನೇ ಮಾಡಬಲ್ಲರು. ಈ ಸೇವೆಯ ಗುಣಮಟ್ಟದ ಅರ್ಧಭಾಗ ನೀವು ಕೊಡುವ ಕಾಗದದಲ್ಲೇ ಇದೆ.

ಮೊದಲು ಸಮನ್ಸ್ ಜಾರಿ. ಇದಕ್ಕೆ ಐದರಲ್ಲಿ ಮೂರು ಅಂಕ. ಕಳೆದುಕೊಂಡ ಎರಡರಲ್ಲಿ ಒಂದು ವಿಳಾಸದ್ದು. ದಾವೆಯಲ್ಲಿ ‘ಮಂಜಪ್ಪ ಬಿನ್ ತಿಮ್ಮಪ್ಪ, ಕೃಷಿಕ, ಹೊಸನಗರ ತಾಲ್ಲೂಕು’ ಎಂದು ಬರೆದು ಕಳಿಸಿದರೆ ಜಾರಿಕಾರರು ಯಾರ ಮನೆ ಬಾಗಿಲು ತಟ್ಟಬೇಕು? ನಮ್ಮ ಕಡೆ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಕಂದಾಯ ಗ್ರಾಮದ ಹೆಸರು ಒಂದು, ಮಜರೆಯ (ಅದಕ್ಕೆ ಸೇರಿದ ಸಣ್ಣ ಹಳ್ಳಿಯ) ಹೆಸರು ಇನ್ನೊಂದು, ಅಂಚೆ ಮತ್ತೊಂದು ಊರಿನದು. ಆದ್ದರಿಂದ ಗ್ರಾಮ, ಮಜರೆ, ಅಂಚೆ, ಹೋಬಳಿ, ಮನೆತನದ ಹೆಸರು, ಉರುಫ್ ಇದ್ದರೆ ಅದು, ಬಸ್ ನಿಲ್ಲುವ ಜಾಗ, ಮೊಬೈಲ್ ನಂಬರ್ ಎಲ್ಲವನ್ನೂ ಬರೆಯಿರಿ. ಪ್ರತಿಯೊಬ್ಬ ಪ್ರತಿವಾದಿಗೂ ದಾವೆಯ ಒಂದು ನಕಲು ಸಮನ್ಸ್ ಜೊತೆ ಹೋಗಬೇಕು. ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿ ಹದಿನೈದು ಪ್ರತಿವಾದಿಗಳಿದ್ದಾಗ ಒಂದೆರಡು ನಕಲು ಕಡಿಮೆ ಬೀಳುವುದು ಮಾಮೂಲು. ಅಷ್ಟಕ್ಕೇ ಇಡೀ ಕಟ್ಟು ನಿಲ್ಲುತ್ತದೆ.

ಇನ್ನೊಂದು ಅಂಕ ಹೋಗುವುದು ಬಾಗಿಲಿಗೆ ಅಂಟಿಸುವ ಪದ್ಧತಿಯಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ (ಆರ್ಡರ್), 17ನೇ ನಿಯಮದಲ್ಲಿ ಇದಕ್ಕೆ ಅವಕಾಶವಿದೆ. ಪ್ರತಿವಾದಿ ಸಹಿ ಹಾಕಲು ಒಪ್ಪದಿದ್ದರೆ ಅಂಟಿಸಬಹುದು. ಮನೆಯಲ್ಲಿ ಇಲ್ಲದಿದ್ದರೆ, ಸಾಕಷ್ಟು ಹುಡುಕಿಯೂ ಸಿಗದೆ, ಸದ್ಯಕ್ಕೆ ಸಿಗುವ ಸಂಭವವೂ ಇಲ್ಲ, ಅವರ ಪರ ಪಡೆಯುವವರೂ ಇಲ್ಲ ಎಂದಾದ ಮೇಲೆಯೇ ಆ ಮಾತು. ಅಡಿಕೆ ಕೊನೆ ಕೊಯ್ಯುವ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಯಾರಿರುತ್ತಾರೆ? ಮೊದಲ ಭೇಟಿಗೇ ‘ಮನೆ ಬೀಗ, ಅಂಟಿಸಿದೆ’ ಎಂದು ಷರಾ (ಜಾರಿಯ ಬಗ್ಗೆ ಕೋರ್ಟಿಗೆ ಕೊಡುವ ಟಿಪ್ಪಣಿ) ಬರೆದರೆ, ಆ ಜಾರಿ ಮುಂದೆ ಪ್ರಶ್ನೆಗೆ ನಿಲ್ಲುವುದು ಕಷ್ಟ. ಮನೆ ಗುರುತಿಸಿದವರು ಯಾರು, ಯಾರ ಎದುರು ಅಂಟಿಸಿದ್ದು, ಯಾವ ಸಂದರ್ಭದಲ್ಲಿ ಎಂಬುದು ಷರಾದಲ್ಲಿ ಇರಲೇಬೇಕು. ಆಷಾಢದ ಮಳೆಗೆ ಅಂಟಿಸಿದ ಕಾಗದ ಸಂಜೆಯೊಳಗೆ ತೊಯ್ದು ಬೀಳುತ್ತದೆ, ಹಾಗಾಗಿ ಒಂದು ಫೋಟೊ ಇದ್ದರೆ ಒಳ್ಳೆಯದು. ಮನೆಯಲ್ಲಿ ಪ್ರತಿವಾದಿ ಇಲ್ಲದೆ ಹೆಂಡತಿಯೋ ಬೆಳೆದ ಮಗಳೋ ಇದ್ದರೆ ಅವರ ಕೈಗೂ ಕೊಡಬಹುದು. ಕೆಲಸದಾಳಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ.

ಇಲ್ಲಿ ಕಕ್ಷಿದಾರರು ಎಡವುವ ಇನ್ನೊಂದು ಜಾಗವಿದೆ. ಸಮನ್ಸ್ ಜಾರಿಯಾಗದೆ ವಾಪಸ್ ಬಂದರೆ ಏಳು ದಿನದೊಳಗೆ ಹೊಸ ಸಮನ್ಸ್ ಕೇಳಿ ಅರ್ಜಿ ಹಾಕಬೇಕು. ಇಲ್ಲದಿದ್ದರೆ 9ನೇ ಆದೇಶದ 5ನೇ ನಿಯಮದಡಿ ದಾವೆ ವಜಾ ಆಗಬಹುದು. ‘ಮುಂದಿನ ತಾರೀಖಿಗೆ ನೋಡೋಣ’ ಅಂತ ಕೂರುವವರು ಇದನ್ನು ಗಮನದಲ್ಲಿಡಬೇಕು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಪ್ರಕರಣಕ್ಕೂ ಕೊಡುವ ಗುರುತಿನ ಸಂಖ್ಯೆ) ಹಾಕಿ ಪ್ರಕರಣದ ಸ್ಥಿತಿ ನೋಡುತ್ತಿರಿ. ಆದರೆ ಷರಾದಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಕಡತದಲ್ಲೇ ಓದಬೇಕು.

ಅಂಚೆ ಮೂಲಕ ಕಳಿಸುವುದು ಅಗ್ಗ, ಹಲವು ಬಾರಿ ವೇಗವೂ ಹೌದು. ಪ್ರತಿವಾದಿ ತೆಗೆದುಕೊಳ್ಳಲು ನಿರಾಕರಿಸಿದ್ದಾನೆಂದು ಅಂಚೆಯವರು ಬರೆದು ವಾಪಸ್ ಕಳಿಸಿದರೆ ಕೋರ್ಟ್ ಅದನ್ನು ಜಾರಿ ಎಂದೇ ಪರಿಗಣಿಸುತ್ತದೆ. ವಾದಿಯೇ ಕೈಯಾರೆ ಮುಟ್ಟಿಸುವ ದಸ್ತಿಗೂ 5ನೇ ಆದೇಶದ 9ಎ ನಿಯಮದಲ್ಲಿ ಅವಕಾಶವಿದೆ. ಆದರೆ ಗಡಿ ಜಗಳದ ದಾವೆಯಲ್ಲಿ ಅದನ್ನು ಕೇಳಬೇಡಿ. ವಾದಿ ಮನೆಗೆ ಬಂದು ಜಗಳ ತೆಗೆದ ಎಂಬ ದೂರಿಗೆ ಅದೇ ನೆಪವಾಗುತ್ತದೆ.

ಸಾಗರದ ಕಡೆ ತುಮರಿ, ಕರೂರು ಹೋಬಳಿಯ ಹಳ್ಳಿಗಳಿಗೆ ಹೋಗಲು ಮೊದಲು ಹಿನ್ನೀರು ದಾಟಿಸುವ ಲಾಂಚ್ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ‘ಲಾಂಚ್ ಸಿಗಲಿಲ್ಲ’ ಎಂಬ ಷರಾಕ್ಕೆ ಅರ್ಥವಿಲ್ಲ.

ಬೇಲಿಫ್ ಸೇವೆಗೆ ನಾಲ್ಕು ಕೊಡಬಹುದು, ಮಿತಿ ತಿಳಿದು ಬಳಸಿದರೆ. ಚರಾಸ್ತಿ ಜಪ್ತಿಗೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಾಸದ ಮನೆಗೆ ನುಗ್ಗುವಂತಿಲ್ಲ (ಸಿವಿಲ್ ಪ್ರಕ್ರಿಯಾ ಸಂಹಿತೆಯ 62ನೇ ಕಲಂ). ತೊಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ರೈತನ ಉಪಕರಣ, ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ (ಅದೇ ಸಂಹಿತೆಯ 60ನೇ ಕಲಂ). ಸ್ವಾಧೀನ ಕೊಡಿಸುವಲ್ಲಿ ಕೈಕೊಡುವುದು ಬೇರೆಯದೇ: ಡಿಕ್ರಿಯ ಷೆಡ್ಯೂಲಿನಲ್ಲಿ ಬರೆದ ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ಸ್ಥಳದಲ್ಲಿ ತಾಳೆಯಾಗುವುದಿಲ್ಲ. ‘ಪೂರ್ವಕ್ಕೆ ಹಳ್ಳ’ ಎಂದಿರುತ್ತದೆ, ಹಳ್ಳ ಬೇರೆ ಕಡೆ ಹರಿಯುತ್ತಿರುತ್ತದೆ. ಬೇಲಿಫ್ ಡಿಕ್ರಿಯನ್ನು ತಿದ್ದಲಾರರು, ವಾರಂಟ್ ವಾಪಸ್. ಮೂರನೆಯವರು ಅಡ್ಡ ನಿಂತರೆ ಅಲ್ಲೇ ವಾದ ಮಾಡಿ ಪ್ರಯೋಜನವಿಲ್ಲ. 21ನೇ ಆದೇಶದ 97ನೇ ನಿಯಮದಲ್ಲಿ ಅರ್ಜಿ ಹಾಕಬೇಕು. ಗಲಾಟೆಯ ಸಂಭವವಿದ್ದರೆ ಪೊಲೀಸ್ ನೆರವಿನ ಆದೇಶವನ್ನು ಮೊದಲೇ ಪಡೆದಿರಿ.

ಇನ್ನು ಕೋರ್ಟ್ ಕಮಿಷನರ್, ಅಂದರೆ ಸ್ಥಳ ನೋಡಿ ವರದಿ ಕೊಡಲು ಕೋರ್ಟ್ ನೇಮಿಸುವವರು. ವಕೀಲರೋ ಸರ್ವೇಯರೋ ಆಗಿರುವ ಇವರು, ಆ ಕೆಲಸದ ಮಟ್ಟಿಗೆ ಕೋರ್ಟಿನ ಅಧಿಕಾರಿಯೇ. ಭತ್ಯೆಯನ್ನು ಕೋರ್ಟ್ ಹೇಳಿದಂತೆ ಕಟ್ಟಬೇಕು. ಜಮೀನಿಗೆ ಹೋಗುವ, ಕಕ್ಷಿದಾರರನ್ನು ಪ್ರಶ್ನಿಸುವ, ದಾಖಲೆ ಕೇಳುವ ಅಧಿಕಾರ ಇದೆ, ದಂಡ ಹಾಕುವ ಅಧಿಕಾರ ಇಲ್ಲ. ನೋಟಿಸ್ ಬಂದೂ ನೀವು ಹೋಗದಿದ್ದರೆ ನೀವಿಲ್ಲದೆಯೇ ಅಳತೆ ನಡೆಯುತ್ತದೆ. ಕಮಿಷನರ್‌ಗೆ ಕೊಡುವ ಸೂಚನಾ ಮೆಮೊದಲ್ಲಿ ‘ಸ್ಥಳ ಪರಿಶೀಲಿಸಿ ವರದಿ ಕೊಡಿ’ ಎಂದಷ್ಟೇ ಬರೆಯುವುದು ದುಡ್ಡು ದಂಡ. ಬಾಂದು ಕಲ್ಲು ಎಲ್ಲಿದೆ, ಅಗಳು (ಗಡಿಯ ಕಂದಕ) ಯಾರ ಸರ್ವೆ ನಂಬರಿನೊಳಗೆ ಬಿದ್ದಿದೆ, ಬೇಲಿಯಿಂದ ಒಳಗೆ ಎಷ್ಟು ಅಡಿ ಒತ್ತುವರಿ, ಅಲ್ಲಿನ ಅಡಿಕೆ ಮರಗಳ ವಯಸ್ಸೆಷ್ಟು ಎಂದು ಒಂದೊಂದಾಗಿ ಕೇಳಿ. ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರಬಂದ್ ನಕಲುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಳೆಗಾಲದ ತಾರೀಖು ಒಪ್ಪಬೇಡಿ, ಗಿಡಗಂಟಿ ಬೆಳೆದು ಕಲ್ಲು ಕಾಣುವುದಿಲ್ಲ. ವರದಿಗೆ ತಕರಾರಿದ್ದರೆ ಕಮಿಷನರನ್ನೇ ಕಟಕಟೆಗೆ ಕರೆಸಿ ಪ್ರಶ್ನಿಸಲು ಕೋರ್ಟಿನ ಅನುಮತಿ ಕೇಳಬಹುದು. ಅದನ್ನು ಬಳಸದೆ ‘ವರದಿ ಸರಿಯಿಲ್ಲ’ ಎಂದು ವಾದದಲ್ಲಿ ಒಂದು ಸಾಲು ಹೇಳಿ ಬಿಟ್ಟರೆ ತೂಕ ಇರುವುದಿಲ್ಲ.

ಕೈಗೆ ದುಡ್ಡು ಕೊಡುವ ವಿಷಯವೂ ಹೇಳಲೇಬೇಕು. ಜಾರಿಯ ಶುಲ್ಕ ಪ್ರೋಸೆಸ್ ಫೀ ರೂಪದಲ್ಲಿ ಕೋರ್ಟಿಗೆ ಸೇರಿರುತ್ತದೆ. ‘ಬಸ್ ಚಾರ್ಜು, ಬೈಕ್ ಪೆಟ್ರೋಲು’ ಎಂದು ಬೇರೆ ಕೇಳಿದರೆ ಕೊಡಬೇಕಾಗಿಲ್ಲ. ಕೊಟ್ಟರೂ ರಸೀದಿ ಬರುವುದಿಲ್ಲ, ಜಾರಿ ಬೇಗ ಆಗುವ ಭರವಸೆಯೂ ಇಲ್ಲ.